ಬೆರಳಿಗೆ ಸ್ಪರ್ಶ ಬರಲು ಯಾಕಿಷ್ಟು ತಡ?

ಪ್ರಶ್ನೆ: ತೆಂಗಿನಕಾಯಿ ಸುಲಿಯುವಾಗ ಕತ್ತಿ ಜಾರಿ ಮಣಿಕಟ್ಟಿನ ನರ ತುಂಡಾಯಿತು. ಹೊಲಿಗೆ ಹಾಕಿದ ಡಾಕ್ಟರು, ‘ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಕಾಯಬೇಕು’ ಎಂದರು. ಮೂರು ತಿಂಗಳಾದರೂ ತೋರುಬೆರಳ ತುದಿ ಮರಗಟ್ಟಿಯೇ ಇದೆ. ಯಾಕಿಷ್ಟು ನಿಧಾನ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಟೇಪು ಹಿಡಿದು ಗಾಯದಿಂದ ಬೆರಳ ತುದಿಯವರೆಗೆ ಅಳೆಯಿರಿ. ನನ್ನ ಕೈಯಲ್ಲಿ 18 ಸೆಂಟಿಮೀಟರ್ ಬಂತು. ಅಂದರೆ 180 ದಿನ. ಹೊಲಿಗೆಯ ಜಾಗ ದಾಟುವುದಕ್ಕೇ ಕೆಲವು ವಾರ ಬೇಕು. ನಿಮ್ಮ ನರ ಈಗಿನ್ನೂ ಅಂಗೈಯಲ್ಲಿ ಎಲ್ಲೋ ಇರಬೇಕು.

ಬೆರಳಿನ ಸ್ಪರ್ಶ ತಿಳಿಸುವ ನರಕೋಶದ ಮನೆ ಇರುವುದು ಕುತ್ತಿಗೆಯಲ್ಲಿ, ಬೆನ್ನುಹುರಿಯ ಪಕ್ಕ. ಅದರ ಎಳೆ ಮಾತ್ರ ಬೆರಳಿನವರೆಗೆ ಬಂದಿರುತ್ತದೆ. ತುದಿಯಲ್ಲೂ ಒಂದಿಷ್ಟು ಪ್ರೋಟೀನು ತಯಾರಾಗುತ್ತದೆ, ಆದರೆ ಹೆಚ್ಚಿನ ಅಡುಗೆ ನಡೆಯುವುದು ಆ ಮನೆಯಲ್ಲೇ. ಅಲ್ಲಿಂದ ಹೊತ್ತು ತರಬೇಕು.

ಹೊರುವ ಆಳು ಕೈನೆಸಿನ್. ಅದೂ ಒಂದು ಪ್ರೋಟೀನೇ, ಎರಡು ಕಾಲಿನದು. ಎಳೆಯೊಳಗಿನ ಸಣ್ಣ ಕೊಳವೆಗಳ ಮೇಲೆ ನಡೆಯುತ್ತದೆ. ಹೆಜ್ಜೆಗೆ 8 ನ್ಯಾನೋಮೀಟರ್, ಹೆಜ್ಜೆಗೊಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಕೂಲಿ! 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಇದನ್ನು ಪತ್ತೆ ಹಚ್ಚಿದ್ದು ಅಮೆರಿಕದ ವುಡ್ಸ್ ಹೋಲ್‌ನಲ್ಲಿ, ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರದ ನೆರವಿನಿಂದ. ವಾಪಸ್ ಹೋಗುವ ಸಾಮಾನು ಹೊರಲು ಡೈನೀನ್ ಇದೆ. ರೇಬೀಸ್ ವೈರಸ್ ಮೆದುಳಿನ ಕಡೆಗೆ ಹೋಗುವುದೂ ಈ ವಾಪಸ್ ದಾರಿಯಲ್ಲೇ.

ಚಿಕ್ಕ ಚೀಲಗಳಲ್ಲಿ ತುಂಬಿದ ಸಾಮಾನು ದಿನಕ್ಕೆ 400 ಮಿಲಿಮೀಟರ್‌ವರೆಗೂ ಸಾಗುತ್ತದೆ. ಕುತ್ತಿಗೆಯಿಂದ ಮಣಿಕಟ್ಟಿಗೆ ಎರಡು ದಿನ ಸಾಕು. ಆದರೆ ಎಳೆ ಉದ್ದವಾಗಲು ಬೇಕಾದ ಇಟ್ಟಿಗೆ-ಗಾರೆ ಬೇರೆ: ಟ್ಯುಬ್ಯುಲಿನ್, ಆಕ್ಟಿನ್ ಎಂಬ ಪ್ರೋಟೀನುಗಳು, ಎಳೆಗೆ ಒಳಗಿನಿಂದ ಆಧಾರ ಕೊಡುವ ಪ್ರೋಟೀನಿನ ನರತಂತುಗಳು (ನ್ಯೂರೋಫಿಲಮೆಂಟ್). ನರತಂತುಗಳನ್ನು ಜೀವಂತ ಕೋಶದಲ್ಲಿ ನೋಡಿದ್ದಾರೆ. ಜೋರಾಗಿ ಒಂದಿಷ್ಟು ದೂರ ಓಡುತ್ತವೆ, ಆಮೇಲೆ ಎಷ್ಟೋ ಹೊತ್ತು ಸುಮ್ನೆ ನಿಂತುಬಿಡುತ್ತವೆ. ನಮ್ಮೂರಿನ ಪ್ಯಾಸೆಂಜರ್ ರೈಲಿನ ಹಾಗೆ ಅಲ್ವಾ! ದಿನದ ಲೆಕ್ಕಕ್ಕೆ ಕೆಲವೇ ಮಿಲಿಮೀಟರ್. ನರದ ಬೆಳವಣಿಗೆಯೂ ಹೆಚ್ಚುಕಡಿಮೆ ಅದೇ ವೇಗಕ್ಕೆ ಕಟ್ಟುಬಿದ್ದಿದೆ.

ಗಾಜು ಚುಚ್ಚಿ ನನ್ನ ಕೈಯ ನರವೂ ಒಮ್ಮೆ ತುಂಡಾಗಿತ್ತು. ಗಾಯದಿಂದ ಬೆರಳಿನ ಕಡೆಗೆ ಮೆಲ್ಲಗೆ ತಟ್ಟುತ್ತಾ ಹೋಗುತ್ತಿದ್ದೆ. ಕರೆಂಟು ಹೊಡೆದ ಹಾಗೆ ಜುಮ್ ಎಂದ ಜಾಗಕ್ಕೆ ಬಾಲ್‌ಪೆನ್ನಿನಲ್ಲಿ ಗುರುತು ಹಾಕುತ್ತಿದ್ದೆ. ತಿಂಗಳಿಗೆ ಎರಡು ಮೂರು ಸೆಂಟಿಮೀಟರ್ ಮುಂದೆ ಹೋಗುತ್ತಿತ್ತು. ನೀವೂ ನೋಡಿ, ಮುಂದಿನ ಸಲ ಡಾಕ್ಟರಿಗೆ ತೋರಿಸಿ. ಗುರುತು ಒಂದೇ ಕಡೆ ನಿಂತರೆ ತಡಮಾಡಬೇಡಿ. ಸ್ಪರ್ಶ ಬರುವವರೆಗೆ ಬಿಸಿ ಪಾತ್ರೆ ಮುಟ್ಟುವುದು ಇನ್ನೊಂದು ಕೈಯಲ್ಲಿರಲಿ. ಆ ಬೆರಳಿಗೆ ಸುಟ್ಟರೂ ಗೊತ್ತಾಗುವುದಿಲ್ಲ.