27 ಆದರೂ ಅಪ್ಪ-ಆಯಿಯ ಜೊತೆಗಿದ್ದರೆ ತಪ್ಪಾ?

ಪ್ರಶ್ನೆ: ನನಗೆ 27 ವರ್ಷ. ಶಿರಸಿ ಹತ್ತಿರದ ಹಳ್ಳಿ. 2020ರ ಲಾಕ್‌ಡೌನ್‌ಗೆ ಊರಿಗೆ ಬಂದವನು ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೇನೆ. ಮದುವೆ, ಮುಂಜಿಗೆ ಹೋದರೆ ಸಾಕು, "ತಮಾ, ಇನ್ನೂ ಮನೇಲೇ ಇದ್ಯ?" ಎನ್ನುತ್ತಾರೆ. ಊರಲ್ಲಿರುವ ಹುಡುಗನಿಗೆ ಹೆಣ್ಣೂ ಕೊಡುವುದಿಲ್ಲ. ನಾನು ಹಿಂದೆ ಬಿದ್ದೆನಾ?
– ಹೆಸರು ಬೇಡ

ಉತ್ತರ: ಹಾಗೆ ಕೇಳುವವರ ಮೇಲೆ ಸಿಟ್ಟಾಗಬೇಡಿ. ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾದ ಚೂರು ಅಡಿಕೆ ತೋಟದಲ್ಲಿ ಎಲ್ಲರ ಹೊಟ್ಟೆ ತುಂಬುತ್ತಿರಲಿಲ್ಲ. ಓದಿ ಹೊರಗೆ ಹೋದವನೇ ಮನೆ ಎತ್ತಿದ. ಆಗಿನ ಆ ಅಗತ್ಯ ಈಗ ಅಳತೆಗೋಲಾಗಿ ಉಳಿದಿದೆ. ಅದೇ ಜನ "ಊರಲ್ಲಿ ಬರೀ ಮುದುಕರೇ ಉಳಿದರು" ಎಂದು ನೊಂದುಕೊಳ್ಳುವುದನ್ನೂ ನೀವು ಕೇಳಿರುತ್ತೀರಿ, ಅಲ್ವಾ?

ಮನೆ ಬಿಡುವುದಕ್ಕೆ ಸರಿಯಾದ ವಯಸ್ಸು ಅಂತ ಎಲ್ಲೂ ಇಲ್ಲ. ಯುರೋಪ್ ಒಕ್ಕೂಟದ 2022ರ ಲೆಕ್ಕದಲ್ಲಿ ಫಿನ್ಲೆಂಡಿನವರು ಸರಾಸರಿ 21ಕ್ಕೆ ಮನೆ ಬಿಟ್ಟರೆ, ಕ್ರೊಯೇಷಿಯಾದವರು 33 ದಾಟಿದ ಮೇಲೆ.

ನನಗೆ ಮುಖ್ಯ ಅನ್ನಿಸುವುದು ಬೇರೆ. ನೀವು ಮನೆಯಲ್ಲಿ ದೊಡ್ಡವರಾಗಿ ಇದ್ದೀರಾ, ಇನ್ನೂ ಮಗುವಾಗಿಯಾ? ಲ್ಯಾಪ್‌ಟಾಪ್ ಪಕ್ಕಕ್ಕೆ ಚಹಾ ತಂದಿಡುವುದು ಆಯಿಯೇನಾ? ಉಂಡ ಬಟ್ಟಲು ತೊಳೆಯುವವರು ಯಾರು? ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಆಳಿಗಾಗಿ ಓಡಾಡುವುದು ಅಪ್ಪ ಒಬ್ಬರೇನಾ? ಹೌದಾದರೆ ಮೊದಲು ಅದನ್ನು ಬದಲಿಸಿ. ಸಂಬಳ ಬಂದ ದಿನ ಮನೆಖರ್ಚಿಗೆ ಇಷ್ಟು ಅಂತ ಆಯಿಯ ಕೈಗೆ ಕೊಡಿ. ಅಡಿಕೆ ಕೊನೆಕೊಯ್ಲಿನ ಉಸ್ತುವಾರಿ, ಸಹಕಾರಿ ಸೊಸೈಟಿಯ ಲೆಕ್ಕ, ಇದರಲ್ಲಿ ಒಂದನ್ನಾದರೂ ಪೂರ್ತಿ ನೀವೇ ವಹಿಸಿಕೊಳ್ಳಿ. ಅಕ್ಕ-ತಂಗಿ ಇದ್ದರೆ ತೋಟದ ವಿಷಯ ಈಗಲೇ ಮಾತಾಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಮನೆಯಲ್ಲಿ ಉಳಿದವನದ್ದೇ ತೋಟ ಅಂತ ಸುಮ್ನೆ ಅಂದುಕೊಂಡು ಕೂತರೆ ಮುಂದೆ ಮನಸ್ಸು ಮುರಿಯುತ್ತದೆ.

ಇನ್ನು ಹೆಣ್ಣಿನ ಮಾತು. ಹುಡುಗಿಯರಿಗೆ ಹಳ್ಳಿ ಬೇಡವಾಗುವುದಕ್ಕೆ ಕಾರಣವಿದೆ. ಓದಿದ ಓದು ಒಲೆಯ ಮುಂದೆ ಮುಗಿದೀತು ಎಂಬ ಹೆದರಿಕೆ ಅವರಿಗೆ. ಆದ್ದರಿಂದ ಹುಡುಗಿಯ ಜೊತೆ ನೇರವಾಗಿ ಮಾತಾಡಿ. ಅವಳು ಕೆಲಸ ಮುಂದುವರಿಸಬಹುದಾ, ಅಡುಗೆ ಯಾರ್ಯಾರು ಮಾಡುತ್ತೀರಿ, ಕರೆಂಟು ಹೋದರೆ ಇಂಟರ್ನೆಟ್ ನಿಲ್ಲುತ್ತದಾ, ಎಲ್ಲ ಹೇಳಿ. ತಾನು ಹುಟ್ಟಿದ ಮನೆ ಬಿಟ್ಟು ಬರುವವಳು ಅವಳು. ನಿಮ್ಮ ಮೇಜಿನ ಪಕ್ಕ ಅವಳಿಗೂ ಒಂದು ಮೇಜು ಇಡಲು ಜಾಗ ಇದೆಯಾ, ಇವತ್ತೇ ನೋಡಿ.