ಆಮದು ಸುಂಕಕ್ಕೂ ಮಳವಳ್ಳಿಯ ರೇಷ್ಮೆಗೂಡಿಗೂ ಏನು ನಂಟು?

ಮಳವಳ್ಳಿಯಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆಯನ್ನು ಅರ್ಧ ಎಕರೆಗೆ ಹಾಕಿರುವ ನೀವು, "ದೆಹಲಿಯಲ್ಲಿ ಸುಂಕ ಬದಲಾದರೆ ನನಗೇನು?" ಅಂತ ಕೇಳಿದ್ದೀರಿ. ತುಂಬಾ ವ್ಯತ್ಯಾಸ ಆಗುತ್ತದೆ.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ, ಅಂದರೆ ಗೂಡಿನಿಂದ ಬಿಚ್ಚಿದ ನೂಲಿನ, ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಯಿತು. ನೇಕಾರರಿಗೆ ಅದರಿಂದ ಅನುಕೂಲ ಆಯಿತು, ಅದನ್ನು ಒಪ್ಪಲೇಬೇಕು. ಆದರೆ ನಮ್ಮ ಕಡೆ ಗೂಡಿನ ಬೆಲೆ ನೆಲಕಚ್ಚಿತು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಅಷ್ಟರಲ್ಲಿ ನಮ್ಮ ಊರಲ್ಲಿ ಎಷ್ಟೋ ಜನ ಸೊಪ್ಪಿನ ಗಿಡ ಕಿತ್ತು ಕಬ್ಬು ಹಾಕಿಬಿಟ್ಟಿದ್ದರು.

ಬೆಲೆ ಬಿದ್ದರೆ ರಾಗಿಯನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳಬಹುದು. ಗೂಡನ್ನು ಇಟ್ಟುಕೊಳ್ಳುವುದು ಹೇಗೆ? ಹತ್ತು ದಿನ ಕಳೆದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ನೂಲು ಬಿಚ್ಚಲು ಆಗುವುದಿಲ್ಲ. ಅದಕ್ಕೇ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆ ದಿನ ಹರಾಜಿನಲ್ಲಿ ಬಂದ ಬೆಲೆಗೇ ಕೊಟ್ಟು ಬರಬೇಕು. ನನ್ನ ಅಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಂದ ಹಾಗೆ ಕೇಳುತ್ತಿತ್ತು. ಅಷ್ಟು ಕಷ್ಟಪಟ್ಟು ತಂದ ಗೂಡಿಗೆ ಸೊಪ್ಪಿನ ಖರ್ಚೂ ಹುಟ್ಟದಿದ್ದಾಗ ಅವರು ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ನೀವು ಗಿಡ ಕೀಳಬೇಡಿ. ಫೆಬ್ರವರಿ ಬಜೆಟ್‌ನಲ್ಲಿ ರೇಷ್ಮೆ ಸುಂಕದ ಸಾಲನ್ನು ಮಾತ್ರ ತಪ್ಪದೆ ನೋಡಿ. ಸಾಧ್ಯವಾದರೆ ದ್ವಿತಳಿ (ಬೈವೋಲ್ಟೈನ್, ಬಿಳಿ ಗೂಡು ಕಟ್ಟುವ ತಳಿ) ಹುಳದ ಮೊಟ್ಟೆಗೆ ಬದಲಾಯಿಸಿ. ಅದರ ನೂಲು ಗಟ್ಟಿ, ಬೆಲೆಯೂ ಸ್ವಲ್ಪ ಜಾಸ್ತಿ ಸಿಗುತ್ತದೆ.