ಸ್ಟಾರ್ ಹ್ಯಾಶ್ ಒತ್ತಿದರೆ ಕದ್ದಾಲಿಕೆ ಗೊತ್ತಾಗುತ್ತದೆಯೇ?

ಫೋನು, ಸಿಮ್ಮು, ನಂಬರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ನಿವೃತ್ತ ನೌಕರರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದಿದೆ. *#21# ಒತ್ತಿದರೆ ನಮ್ಮ ಮಾತನ್ನು ಯಾರಾದರೂ ಕದ್ದು ಕೇಳುತ್ತಿದ್ದಾರೋ ಇಲ್ಲವೋ ತಿಳಿಯುತ್ತದೆ, ##002# ಒತ್ತಿದರೆ ಕದ್ದಾಲಿಕೆ ನಿಲ್ಲುತ್ತದೆ ಎಂದು ಅದರಲ್ಲಿದೆ. ನಾನು *#62# ಒತ್ತಿದಾಗ ಗೊತ್ತಿಲ್ಲದ ಒಂದು ನಂಬರ್ ಬಂತು. ಏನು ಮಾಡಲಿ?
— ದಾವಣಗೆರೆಯ ಓದುಗರು

ಉತ್ತರ: ಏನೂ ಮಾಡಬೇಕಾಗಿಲ್ಲ. ವರ್ಷಗಳಿಂದ ಗುಂಪಿನಿಂದ ಗುಂಪಿಗೆ ಓಡಾಡುತ್ತಿರುವ ಸಂದೇಶ ಇದು. ಕೋಡ್‌ಗಳು ಸುಳ್ಳಲ್ಲ, ಅವುಗಳಿಗೆ ಕಟ್ಟಿರುವ ಅರ್ಥ ಸುಳ್ಳು. ನಿಮಗೆ ಬರುವ ಕರೆ ಬೇರೆ ನಂಬರಿಗೆ ತಿರುಗುವಂತೆ ಯಾರಾದರೂ ಮಾಡಿಟ್ಟಿದ್ದಾರೆಯೇ ಎಂಬುದನ್ನಷ್ಟೇ *# ಕೋಡ್‌ಗಳು ತಿಳಿಸುತ್ತವೆ, ##002# ಹಾಗೆ ತಿರುಗುವುದನ್ನು ರದ್ದು ಮಾಡುತ್ತದೆ. ಬರುವ ಎಲ್ಲ ಕರೆಗಳೂ ತಿರುಗುತ್ತಿದ್ದರೆ *#21# ಹೇಳುತ್ತದೆ. ನೀವು ಇನ್ನೊಂದು ಕರೆಯಲ್ಲಿದ್ದಾಗಿನದು *#67#, ಎತ್ತದಿದ್ದಾಗಿನದು *#61#, ಫೋನ್ ಆಫ್ ಆಗಿದ್ದಾಗ ಅಥವಾ ನೆಟ್‌ವರ್ಕ್ ಇಲ್ಲದಾಗಿನದು *#62#. ಈ ಕೊನೆಯದಕ್ಕೆ ಒಂದು ನಂಬರ್ ಬರುವುದು ತೀರಾ ಸಾಮಾನ್ಯ. ‘ನೀವು ಸಿಗದಿದ್ದಾಗ ಇಂಥವರು ಕರೆ ಮಾಡಿದ್ದರು’ ಎಂದು ಆಮೇಲೆ ಎಸ್ಸೆಮ್ಮೆಸ್ ಬರುತ್ತದಲ್ಲ, ಆ ಸೇವೆಗೋ ವಾಯ್ಸ್ ಮೇಲ್‌ಗೋ ಕಂಪನಿಯೇ ಇಟ್ಟಿರುವ ನಂಬರ್ ಅದು. ಸಂಶಯವಿದ್ದರೆ ಆ ನಂಬರನ್ನು ಗ್ರಾಹಕ ಸೇವೆಯವರಿಗೆ ಓದಿ ಹೇಳಿ ಕೇಳಿ. ಕೆಲವು ನೆಟ್‌ವರ್ಕ್‌ಗಳಲ್ಲಿ ಈ ಕೋಡ್‌ಗಳಿಗೆ ‘ಇನ್‌ವ್ಯಾಲಿಡ್ ಎಂಎಂಐ ಕೋಡ್’ ಎಂಬ ಉತ್ತರ ಬರುತ್ತದೆ. ಕೋಡ್ ಅಲ್ಲಿ ನಡೆಯಲಿಲ್ಲ ಎಂದಷ್ಟೇ ಅದರ ಅರ್ಥ. ಆಗ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ‘ಕಾಲ್ ಫಾರ್ವರ್ಡಿಂಗ್’ ತೆರೆದು ನೋಡಬಹುದು.

ನಿಜವಾದ ದೂರವಾಣಿ ಕದ್ದಾಲಿಕೆ ನಡೆಯುವುದು ಕಂಪನಿಯ ಜಾಲದೊಳಗೆ. ನಿಮ್ಮ ಕೈಲಿರುವ ಫೋನಿಗೆ ಅದರ ಸುಳಿವೇ ಸಿಗುವುದಿಲ್ಲವಾದ್ದರಿಂದ ಯಾವ ಕೋಡೂ ಅದನ್ನು ತೋರಿಸಲಾರದು. ಕಾನೂನಿನ ಪ್ರಕಾರ ಅದಕ್ಕೆ ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶ 60 ದಿನ ನಡೆಯುತ್ತದೆ, ವಿಸ್ತರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ನಮ್ಮ ರಾಜ್ಯದವರಿಗೆ ಇದು ಹೊಸ ವಿಷಯವೇನಲ್ಲ: 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದೇ ಕದ್ದಾಲಿಕೆ ಆರೋಪದ ಬಿಸಿಯಲ್ಲಿ.

ಹಾಗೆಂದು ಫಾರ್ವರ್ಡಿಂಗ್ ನಿರಪಾಯಕಾರಿ ಎಂದುಕೊಳ್ಳಬೇಡಿ. ಕೊರಿಯರ್‌ನವರು, ಗ್ಯಾಸ್ ಏಜೆನ್ಸಿಯವರು ಎಂದು ಹೇಳಿಕೊಂಡು ‘*401* ಒತ್ತಿ, ಮುಂದೆ ನಾನು ಹೇಳುವ ನಂಬರ್ ಹಾಕಿ’ ಎನ್ನುವ ಮೋಸ ಇದೆ. ಒತ್ತಿದಿರೋ, ನಿಮ್ಮ ಕರೆಗಳೆಲ್ಲ ಅವನಿಗೆ. ಎಸ್ಸೆಮ್ಮೆಸ್ ಹೀಗೆ ತಿರುಗುವುದಿಲ್ಲ, ಆದರೆ ಅವನಿಗೆ ಬೇಕಾಗಿರುವುದು ಕರೆಯೇ. ತನ್ನ ಫೋನಿನಲ್ಲಿ ವಾಟ್ಸಾಪ್ ಹಾಕಿ ನಿಮ್ಮ ನಂಬರ್ ಕೊಡುತ್ತಾನೆ. ಎಸ್ಸೆಮ್ಮೆಸ್ ಕೋಡ್ ನಿಮಗೆ ಬರುತ್ತದೆ, ಅದನ್ನು ಬಿಟ್ಟು ‘ಕರೆ ಮಾಡಿ ತಿಳಿಸಿ’ ಎಂಬುದನ್ನು ಆರಿಸುತ್ತಾನೆ. ಕೋಡನ್ನು ಓದಿ ಹೇಳುವ ಕರೆ ಅವನಿಗೆ ಹೋಗುತ್ತದೆ, ನಿಮ್ಮ ಫೋನ್ ರಿಂಗ್ ಕೂಡ ಆಗುವುದಿಲ್ಲ. ಈ ಹಾವಳಿಯಿಂದಾಗಿಯೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಆದೇಶವಿದೆ ಎಂದು ಮೈಮರೆಯದೆ, ವಾಟ್ಸಾಪ್ ಸೆಟ್ಟಿಂಗ್ಸ್‌ನ ‘ಅಕೌಂಟ್’ ಒಳಗೆ ‘ಟೂ ಸ್ಟೆಪ್ ವೆರಿಫಿಕೇಶನ್’ ತೆರೆದು ಆರು ಅಂಕಿಯ ಪಿನ್ ಹಾಕಿಕೊಳ್ಳಿ. ಆಗ ಕೋಡ್ ಒಂದೇ ಸಿಕ್ಕರೆ ಅವನ ಕೆಲಸ ಆಗುವುದಿಲ್ಲ.

ಮನೆಯವರೋ ಪರಿಚಿತರೋ ಇಣುಕುತ್ತಿದ್ದಾರೆ ಎಂಬ ಅನುಮಾನವಿದ್ದರೆ ಹುಡುಕಬೇಕಾದ ಜಾಗಗಳೇ ಬೇರೆ. ಮೊದಲು ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’. ಅಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಕಂಡರೆ ಒತ್ತಿ ‘ಲಾಗ್ ಔಟ್’ ಮಾಡಿ. ಆಮೇಲೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ‘ಆ್ಯಕ್ಸೆಸಿಬಿಲಿಟಿ’. ಅಲ್ಲಿ ಅನುಮತಿ ಪಡೆದ ಆ್ಯಪ್ ನಿಮ್ಮ ಪರದೆಯ ಮೇಲಿನದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಒತ್ತಲೂ ಬಲ್ಲದು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲುಗಳು ಕೇಳುವುದು ಇದನ್ನೇ, ಜೊತೆಗೆ ಎಸ್ಸೆಮ್ಮೆಸ್ ಓದುವ ಅನುಮತಿಯನ್ನು. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಅದನ್ನು ನೋಡಲು ಇನ್‌ಸ್ಟಾಲ್ ಮಾಡಬೇಕು ಎಂದರೆ ಆ ಮದುವೆಗೆ ಹೋಗದಿದ್ದರೂ ನಡೆಯುತ್ತದೆ.

ಪ್ರಶ್ನೆ: ಬಸ್ಸಿನಲ್ಲಿ ನನ್ನ ಫೋನ್ ಕಳವಾಯಿತು. ಬೆರಳಚ್ಚಿನ ಲಾಕ್ ಇದ್ದದ್ದರಿಂದ ಧೈರ್ಯವಾಗಿದ್ದೆ. ಮರುದಿನ ಖಾತೆಯಿಂದ ಹಣ ಹೋಗಿತ್ತು. ಲಾಕ್ ಮುರಿದರೇ?
— ಹಾಸನದ ಓದುಗಿ

ಉತ್ತರ: ಲಾಕ್ ಮುರಿಯುವ ಶ್ರಮ ಬೇಕಿರಲಿಲ್ಲ. ಬೆರಳಚ್ಚು ಕಾಯುವುದು ಫೋನನ್ನು, ಸಿಮ್ಮನ್ನಲ್ಲ. ಕಳ್ಳ ಪಿನ್ನು ಚುಚ್ಚಿ ಸಿಮ್ ಹೊರತೆಗೆದು ತನ್ನ ಫೋನಿಗೆ ಹಾಕಿದರೆ ಆ ಕ್ಷಣದಿಂದ ನಿಮ್ಮ ಕರೆಗಳೂ ಒಟಿಪಿಗಳೂ ಅವನಿಗೆ. ಯುಪಿಐ ಆ್ಯಪ್ ನಿಮ್ಮನ್ನು ಗುರುತಿಸುವುದು ಆ ಸಿಮ್‌ನಿಂದ ಹೋಗುವ ಎಸ್ಸೆಮ್ಮೆಸ್ ನೋಡಿ. ಹೊಸ ಯುಪಿಐ ಪಿನ್ ಮಾಡಿಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ, ಇಲ್ಲವೇ ಆಧಾರ್ ವಿವರ ಬೇಕಾಗುತ್ತದೆ. ಫೋನಿನ ಜೊತೆಗೆ ಪರ್ಸೂ ಹೋಗಿದ್ದರೆ, ಅಥವಾ ಫೋನಿನ ಕವರಿನ ಹಿಂದೆಯೇ ಎಟಿಎಂ ಕಾರ್ಡ್ ಸಿಕ್ಕಿಸಿಟ್ಟಿದ್ದರೆ (ಬಹಳ ಜನರ ಅಭ್ಯಾಸ), ಎಲ್ಲವೂ ಒಂದೇ ಕೈಗೆ ಸಿಕ್ಕಂತೆ.

ಇದನ್ನು ತಡೆಯುವುದು ಸಿಮ್ ಪಿನ್. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ‘ಸೆಕ್ಯುರಿಟಿ’ ಭಾಗದಲ್ಲಿ ‘ಸಿಮ್ ಲಾಕ್’ ಎಂದಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ಹಾಗೆಂದು ಬರೆಯಿರಿ. ಐಫೋನ್‌ನಲ್ಲಿ ಅದು ಮೊಬೈಲ್ ಸೇವೆಯ ಸೆಟ್ಟಿಂಗ್ಸ್ ಒಳಗಿದೆ. ಜನ ಎಡವುವುದು ಮೊದಲ ಹೆಜ್ಜೆಯಲ್ಲೇ. ಲಾಕ್ ಆನ್ ಮಾಡಿದ ಕೂಡಲೇ ಅದು ಪಿನ್ ಕೇಳುತ್ತದೆ. ನಿಮ್ಮ ಇಷ್ಟದ ಪಿನ್ ಎಂದುಕೊಂಡು ಹೊಸದನ್ನು ಹಾಕಬೇಡಿ, ಅದು ಕೇಳುತ್ತಿರುವುದು ಕಂಪನಿ ಮೊದಲೇ ಇಟ್ಟಿರುವ ಪಿನ್. ಕೆಲವರದು 1234, ಕೆಲವರದು 0000. ಊಹಿಸದೆ ಗ್ರಾಹಕ ಸೇವೆಯವರನ್ನು ಕೇಳಿಯೇ ಹಾಕಿ, ಏಕೆಂದರೆ ಮೂರು ಸಲ ತಪ್ಪಿದರೆ ಸಿಮ್ ಬಂದ್. ಆಗ ಎಂಟು ಅಂಕಿಯ ಪಿಯುಕೆ ಸಂಖ್ಯೆ ಬೇಕು. ಅದನ್ನು ಕಂಪನಿಯೇ ಕೊಡುತ್ತದೆ, ಆದರೆ ಅದೂ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ, ಹೊಸದೇ ಗತಿ. ಸರಿಯಾದ ಪಿನ್ ಹಾಕಿ ಲಾಕ್ ಆನ್ ಆದ ಮೇಲೆ ‘ಚೇಂಜ್ ಸಿಮ್ ಪಿನ್’ ಒತ್ತಿ ನಿಮ್ಮದೇ ಸಂಖ್ಯೆ ಇಟ್ಟುಕೊಳ್ಳಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಮಾಡಬೇಕು. ಒಂದು ತೊಂದರೆಯೂ ಇದೆ. ಫೋನ್ ತಾನಾಗಿ ರೀಸ್ಟಾರ್ಟ್ ಆದರೆ ಪಿನ್ ಹಾಕುವವರೆಗೆ ಕರೆ ಬರುವುದಿಲ್ಲ. ಒಂಟಿಯಾಗಿರುವ ವಯಸ್ಸಾದವರಿಗೆ ಇದನ್ನು ಹಾಕಿಕೊಡುವ ಮುನ್ನ ಯೋಚಿಸಿ.

ಫೋನ್ ಕಳೆದ ಮೇಲೆ ಯಾವುದನ್ನು ಮೊದಲು ಮಾಡುತ್ತೀರಿ ಎಂಬುದು ಮುಖ್ಯ. ಪಕ್ಕದವರ ಫೋನಿನಿಂದ ಮೊದಲು ಸಿಮ್ ಬಂದ್ ಮಾಡಿಸಿ, ಕೂಡಲೇ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲಿ ನಿಮಿಷಗಳಿಗೂ ಬೆಲೆಯಿದೆ. ಪೊಲೀಸ್ ದೂರು ಆಮೇಲೆ. ಫೋನನ್ನೇ ಬಂದ್ ಮಾಡಿಸುವುದು ಕೊನೆಗೆ: ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಐಎಂಇಐ (ಫೋನಿನ ಗುರುತಿನ) ಸಂಖ್ಯೆ, ದೂರಿನ ಪ್ರತಿ ಮತ್ತು ಗುರುತಿನ ಚೀಟಿ ಕೊಡಬೇಕು, ಖರೀದಿ ಬಿಲ್ಲಿದ್ದರೆ ಅದನ್ನೂ. ಅಲ್ಲಿ ಒಟಿಪಿ ಬರುತ್ತದೆ, ಅದಕ್ಕೆ ಅದೇ ನಂಬರಿನ ಬದಲಿ ಸಿಮ್ ಬೇಕು ಎಂದು ಅನೇಕರು ಓಡುತ್ತಾರೆ. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಒಟಿಪಿ ಬರಲಿಲ್ಲ ಎಂದು ಅಂಗಡಿಯವನ ಜೊತೆ ಜಗಳ ಬೇಡ, ಅದು ನಿಯಮ. ಅರ್ಜಿಯ ಕೊನೆಗೆ ಸಿಗುವ ರಿಕ್ವೆಸ್ಟ್ ಐಡಿಯನ್ನು ಬರೆದಿಟ್ಟುಕೊಳ್ಳಿ. ಫೋನ್ ಮರಳಿ ಸಿಕ್ಕರೆ ಅದಿಲ್ಲದೆ ಬಿಡಿಸಿಕೊಳ್ಳಲಾಗದು.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಮೈಸೂರಿನಲ್ಲಿರುವ ಅಪ್ಪನಿಗೆ ‘ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಬಂದಿರುವ ಮೆಸೇಜಿಗೆ 1 ಎಂದು ಉತ್ತರಿಸಿ’ ಎಂದು ಕರೆ ಬಂದಿತ್ತು. ಅವರು ಉತ್ತರಿಸಲಿಲ್ಲ. ಉತ್ತರಿಸಿದ್ದರೆ?
— ಆಸ್ಟಿನ್‌ನಿಂದ ಓದುಗರು

ಉತ್ತರ: ಅವರ ಫೋನಿನ ನೆಟ್‌ವರ್ಕ್ ಹೋಗಿ ನಂಬರ್ ಇನ್ನೊಬ್ಬನ ಫೋನಿನಲ್ಲಿ ಎಚ್ಚರವಾಗುತ್ತಿತ್ತು. ಇ-ಸಿಮ್‌ನಲ್ಲಿ ಕಾರ್ಡ್ ಇಲ್ಲ, ಫೋನಿನೊಳಗೆ ಕೂರಿಸಿರುವ ಚಿಪ್‌ಗೆ ಸಿಮ್‌ನ ವಿವರ ಇಳಿಯುತ್ತದೆ, ಅಷ್ಟೇ. ಬದಲಾವಣೆಯ ಅರ್ಜಿಯನ್ನು ವಂಚಕ ಮೊದಲೇ ಹಾಕಿರುತ್ತಾನೆ. ಕಂಪನಿಯಿಂದ ನಿಜವಾಗಿಯೇ ಒಪ್ಪಿಗೆ ಕೇಳುವ ಎಸ್ಸೆಮ್ಮೆಸ್ ಬರುತ್ತದೆ. ಸಂದೇಶ ಅಸಲಿಯಾದ್ದರಿಂದಲೇ ಜನ ನಂಬುತ್ತಾರೆ. ‘ನಾನು ಕೇಳಿದ್ದೇನೆಯೇ?’ ಎಂಬುದೊಂದೇ ಪರೀಕ್ಷೆ.

ಅಪ್ಪನಿಗೆ ಇಷ್ಟು ಹೇಳಿಡಿ: ಮನೆಯಲ್ಲೇ ಇದ್ದಾಗ ನೆಟ್‌ವರ್ಕ್ ಪೂರ್ತಿ ಹೋಗಿ, ಅದೇ ಕಂಪನಿಯ ಇನ್ನೊಂದು ಫೋನಿಗೆ ಮಾತ್ರ ಇದ್ದು, ರೀಸ್ಟಾರ್ಟ್ ಮಾಡಿದರೂ ಬರದಿದ್ದರೆ ಬೆಳಗಿನವರೆಗೆ ಕಾಯಬಾರದು. ಮೇಲೆ ಹೇಳಿದ 24 ಗಂಟೆಯ ಎಸ್ಸೆಮ್ಮೆಸ್ ತಡೆ ವಂಚಕನಿಗೂ ಅನ್ವಯಿಸುತ್ತದೆ, ಕಂಪನಿಗೂ ಬ್ಯಾಂಕಿಗೂ ತಿಳಿಸಲು ನಮಗಿರುವ ಬಿಡುವು ಅದೇ. 2024ರ ಜುಲೈ 1ರಿಂದ ಇನ್ನೊಂದು ಬೇಲಿಯೂ ಇದೆ: ಸಿಮ್ ಬದಲಾದ ಏಳು ದಿನದೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲಾಗದು.

ಪ್ರಶ್ನೆ: ಕರೆ ಬಂದಾಗ ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರು ಬಂದರೆ ನಂಬಬಹುದೇ?
— ಶಿರಸಿಯ ಓದುಗರು

ಉತ್ತರ: ಬೇಡ. ಅಲ್ಲಿನ ಹೆಸರು ಬಹುಪಾಲು ಜನರೇ ಕೊಟ್ಟದ್ದು. ಒಂದಷ್ಟು ಮಂದಿ ಒಂದು ನಂಬರನ್ನು ‘ಬ್ಯಾಂಕ್ ಮ್ಯಾನೇಜರ್’ ಎಂದು ಗುರುತಿಸಿದರೆ ಅವನು ಮ್ಯಾನೇಜರ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿದ ಸಿಎನ್‌ಎಪಿ ವ್ಯವಸ್ಥೆ ಬೇರೆ. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಕೊಟ್ಟ ಹೆಸರನ್ನೇ ಅದು ತೋರಿಸುತ್ತದೆ. ಅದಕ್ಕೂ ಮಿತಿಯಿದೆ: ಮಗನ ಕೈಲಿರುವ ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಕಾಣುವುದು ಅಪ್ಪನೇ.

ಹೆಸರಿಗಿಂತ ನಂಬರಿನ ಮೊದಲ ಅಂಕಿಗಳನ್ನು ನೋಡುವುದು ಮೇಲು. ಜಾಹೀರಾತು ಕರೆಗಳಿಗೆ 140, ಬ್ಯಾಂಕು, ವಿಮೆಯಂಥ ಸಂಸ್ಥೆಗಳ ಮತ್ತು ಸರ್ಕಾರದ ಸೇವಾ ಕರೆಗಳಿಗೆ 1600 ಸರಣಿ ಮೀಸಲು. ಸಾಮಾನ್ಯ ಮೊಬೈಲ್ ನಂಬರಿನಿಂದ ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ’ ಎನ್ನುವವನ ಜೊತೆ ಮಾತು ಬೆಳೆಸಬೇಡಿ. ಎಸ್ಸೆಮ್ಮೆಸ್‌ನಲ್ಲೂ ಹೀಗೆಯೇ. ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆಯಾದ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಿ ಎಂದರೆ ಜಾಹೀರಾತು, ಎಸ್ ಸೇವೆ, ಟಿ ಒಟಿಪಿಯಂಥ ವಹಿವಾಟು, ಜಿ ಸರ್ಕಾರ. ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದ ‘ವಿದ್ಯುತ್ ಕಡಿತ’ದ ಎಚ್ಚರಿಕೆಗೆ ಇವ್ಯಾವುವೂ ಇರುವುದಿಲ್ಲ. ಜಾಹೀರಾತು ಕರೆಗಳೇ ಬೇಡವೆಂದರೆ 1909ಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾರ್ಟ್ 0’ ಎಂದು ಎಸ್ಸೆಮ್ಮೆಸ್ ಕಳಿಸಿ.

ಪ್ರಶ್ನೆ: ತೀರಿಕೊಂಡ ಅತ್ತೆಯವರ ನಂಬರಿಗೆ ರೀಚಾರ್ಜ್ ನಿಲ್ಲಿಸಿದೆವು. ಈಗ ಅದರಲ್ಲಿ ಯಾರೋ ಅಪರಿಚಿತರು ಮಾತಾಡುತ್ತಾರೆ. ಅತ್ತೆಯವರ ಬ್ಯಾಂಕ್ ಖಾತೆ, ಆಧಾರ್ ಎಲ್ಲ ಆ ನಂಬರಿಗೇ ಇತ್ತು.
— ಗದಗದ ಓದುಗಿ

ಉತ್ತರ: ಬಂದ್ ಆದ ನಂಬರನ್ನು 90 ದಿನ ಖಾಲಿ ಬಿಟ್ಟು ಆಮೇಲೆ ಇನ್ನೊಬ್ಬರಿಗೆ ಕೊಡಬಹುದು. ಹೊಸದಾಗಿ ಪಡೆದವರದು ತಪ್ಪೇನೂ ಇಲ್ಲ, ಆದರೆ ಆ ಖಾತೆಯ ಒಟಿಪಿ ಈಗ ಹೋಗುವುದು ಅವರಿಗೇ. ಇಂದೇ ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟು ಖಾತೆಯ ವಹಿವಾಟು ನಿಲ್ಲಿಸಿ. ಬೇರೆಯವರಿಗೂ ಈ ಮಾತು ಅನ್ವಯಿಸುತ್ತದೆ: ಹಳೆಯ ನಂಬರ್ ಬಿಡುವ ಮೊದಲು ಬ್ಯಾಂಕು, ಆಧಾರ್, ಇಮೇಲ್ ಎಲ್ಲ ಕಡೆ ಬದಲಿಸಿ, ವಾಟ್ಸಾಪ್‌ನಲ್ಲಿ ‘ಚೇಂಜ್ ನಂಬರ್’ ಮಾಡಿ, ಆಮೇಲೆ ರೀಚಾರ್ಜ್ ನಿಲ್ಲಿಸಿ.

ಪ್ರಶ್ನೆ: ಇನ್ನೊಬ್ಬರ ಕರೆಗಳ ಪಟ್ಟಿ ತೆಗೆಸಿಕೊಡುತ್ತೇವೆ ಎನ್ನುವವರಿದ್ದಾರೆ. ಅದರಲ್ಲಿ ಮಾತುಕತೆಯೂ ಇರುತ್ತದೆಯೇ?
— ಹೆಸರು ಬೇಡವೆಂದವರು

ಉತ್ತರ: ಇರುವುದಿಲ್ಲ. ಸಿಡಿಆರ್ ಎಂಬ ಆ ದಾಖಲೆಯಲ್ಲಿ ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್, ಯಾವ ಟವರ್ ಎಂಬುದಷ್ಟೇ ಇರುತ್ತದೆ. ಕಂಪನಿಗಳು ಅದನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು. ತನಿಖಾ ಸಂಸ್ಥೆಗೆ, ನ್ಯಾಯಾಲಯಕ್ಕೆ ಕೊಡುತ್ತಾರೆಯೇ ಹೊರತು ಗಂಡನಿಗಾಗಲಿ ಹೆಂಡತಿಗಾಗಲಿ ಅಲ್ಲ. ಹಣ ಕೊಟ್ಟು ತೆಗೆಸುವುದು ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: *#06# ಒತ್ತಿದರೆ ಎರಡು ಐಎಂಇಐ ಬರುತ್ತಿವೆ. ಸೆಕೆಂಡ್ ಹ್ಯಾಂಡ್ ಫೋನ್, ಮೋಸವೇ?
— ಕಲಬುರಗಿಯ ಓದುಗರು

ಉತ್ತರ: ಎರಡು ಸಿಮ್ ಹಾಕುವ ಫೋನಿಗೆ ಎರಡು ಇರುವುದೇ ಸರಿ. 15 ಅಂಕಿಗಳಲ್ಲಿ ಮೊದಲ ಎಂಟು ಮಾದರಿಯನ್ನು ಹೇಳುತ್ತವೆ, ಮುಂದಿನ ಆರು ಆ ಫೋನಿನ ಕ್ರಮಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಇಂಗ್ಲಿಷಿನಲ್ಲಿ ‘ಕೆವೈಎಂ’ ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ, ಎರಡಕ್ಕೂ ಪ್ರತ್ಯೇಕವಾಗಿ. ಬರುವ ಉತ್ತರದಲ್ಲಿ ನಿಮ್ಮ ಫೋನಿನ ಕಂಪನಿ, ಮಾದರಿಯ ಹೆಸರೇ ಇರಬೇಕು. ಬೇರೆ ಮಾದರಿ ಬಂದರೆ, ಅಥವಾ ‘ಬ್ಲ್ಯಾಕ್ ಲಿಸ್ಟೆಡ್’, ‘ಡುಪ್ಲಿಕೇಟ್’ ಎಂದಿದ್ದರೆ ಮಾರಿದವನಿಗೆ ವಾಪಸ್ ಕೊಡಿ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ ಎಂದು ಹೇಳಿ ನೋಡಿ, ಹಣ ಬೇಗ ವಾಪಸ್ ಬರಬಹುದು.